ಕಟ್ಟೆಯ ಎತ್ತರ

ಜೀವಮಾನವೆಲ್ಲ ಕತ್ತರಿ ಹಿಡಿದ ಕೈಗೆ ಮುದಿವಯಸ್ಸಿನಲ್ಲಿ ಗಾರೆ ಮೆತ್ತುವ ಕರಣೆ ಹಿಡಿಯುವ ಹುಚ್ಚು ಹತ್ತಿದರೆ ಏನಾಗುತ್ತದೆ ಎಂದು ನೋಡಬೇಕಿದ್ದವರು ಆ ಬೀದಿಗೆ ಬರಬೇಕಿತ್ತು. ಅಪ್ಪ ದರ್ಜಿ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮೇಲೆ ಅವನ ಕಣ್ಣು ಮನೆಯ ಮೇಲೇ ಬಿತ್ತು. ಗೋಡೆಯ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಬಚ್ಚಲಿನ ನೀರು ಹೋಗಬೇಕಾದ ಕಡೆ ಹೋಗದೆ ಬರಬಾರದ ಕಡೆ ಬರುತ್ತಿತ್ತು. ಹಿತ್ತಲಂತೂ ಒಡೆದ ಕುಂಡಗಳ, ತುಕ್ಕು ಹಿಡಿದ ಡಬ್ಬಗಳ ಗೋದಾಮಾಗಿತ್ತು. ಮೇಸ್ತ್ರಿಯನ್ನು ಕರೆಸೋಣ ಎಂದರೆ ಅಪ್ಪ ಒಪ್ಪಲಿಲ್ಲ. "ಅವರೆಲ್ಲ ಅಂದಾಜಿನ ಮೇಲೆ ಕಟ್ತಾರೆ. ನಾನು ಅಳತೆ ಇಲ್ಲದೆ ಒಂದು ಗುಂಡಿ ಹೊಲಿದೋನಲ್ಲ" ಎಂದು ಕೊರಳಿಗೆ ಟೇಪು ನೇತುಹಾಕಿಕೊಂಡು ಎದ್ದುಬಿಟ್ಟ. ಅದೂ ಬಟ್ಟೆ ಅಳೆಯುವ ಮೆತ್ತನೆಯ ಟೇಪು. ಗೋಡೆಯ ಮೇಲೆ ಗುರುತು ಹಾಕಿದ್ದು ದರ್ಜಿಯ ಸೀಮೆಸುಣ್ಣದಲ್ಲಿ.

ಎದುರು ಮನೆಯವರು ಗೇಟಿನ ಮೇಲೆ ಮೊಣಕೈ ಊರಿ, "ಏನ್ರೀ, ಮನೆಗೆ ಕಾಲರ್ ಇಡ್ತೀರೋ ಹೇಗೆ?" ಎಂದು ಕಾಲೆಳೆದರು.

"ಕಾಲರ್ ಬೇಡ ಅಂದ್ಳು ಮಗಳು. ಎರಡು ಜೇಬು ಇಡ್ತಿದ್ದೀನಿ" ಎಂದು ಅಪ್ಪ ಗೋಡೆಯಲ್ಲಿ ಕೊರೆದ ಗೂಡುಗಳನ್ನು ತೋರಿಸಿದ.

ಈ ಹುಚ್ಚಿಗೆ ಜೊತೆ ಸಿಕ್ಕವಳು ಆ ಮಗಳೇ. ಚೋಟುದ್ದ ಇದ್ದಾಳೆ ಅಂತ ತೊಟ್ಟಿಲಲ್ಲಿರುವಾಗಲೇ ಅಪ್ಪ ಇಟ್ಟ ಅಡ್ಡಹೆಸರು ಚೋಟಿ. ನಲವತ್ತು ದಾಟಿದ ಮೇಲೂ ಹೆಸರು ಬದಲಾಗಿರಲಿಲ್ಲ, ಎತ್ತರವೂ ಹೇಳಿಕೊಳ್ಳುವಷ್ಟೇನೂ ಬದಲಾಗಿರಲಿಲ್ಲ. ಆಸ್ಪತ್ರೆಯೊಂದರ ಔಷಧಿ ಕೌಂಟರಿನಲ್ಲಿ ಕೆಲಸ. ಗಂಡ ಎನಿಸಿಕೊಂಡವನು ಬಂದಷ್ಟೇ ಬೇಗ ಹೋಗಿದ್ದ. ಅಂದಿನಿಂದ ಅವಳದು ಒಂದು ಬಾಡಿಗೆ ಮನೆಯಿಂದ ಇನ್ನೊಂದು ಬಾಡಿಗೆ ಮನೆಗೆ ಗಂಟುಮೂಟೆ ಕಟ್ಟುವ ಬದುಕು. ಮಾಲೀಕರು ಬೇರೆಯಾದರೂ ಎಲ್ಲರ ಬಾಯಲ್ಲೂ ಒಂದೇ ಕಾನೂನು: ಗೋಡೆಗೆ ಮೊಳೆ ಹೊಡೆಯಬಾರದು, ಹೊಡೆದರೆ ಖಾಲಿ ಮಾಡುವಾಗ ಕಿತ್ತು, ತೂತು ಮುಚ್ಚಿ, ಬಣ್ಣ ಹಚ್ಚಿ ಹೋಗಬೇಕು. ಆ ವಿದ್ಯೆಯಲ್ಲಿ ಚೋಟಿ ಎತ್ತಿದ ಕೈ. ಅವಳು ಮುಚ್ಚಿದ ತೂತನ್ನು ಭೂತಗನ್ನಡಿ ಹಿಡಿದರೂ ಯಾವ ಮಾಲೀಕನಿಗೂ ಪತ್ತೆ ಮಾಡಲಾಗುತ್ತಿರಲಿಲ್ಲ.

ಅಂಥವಳಿಗೆ ಅಪ್ಪ ಹೇಳಿದ್ದು ಇಷ್ಟು: "ರಜೆ ಇದ್ದಾಗೆಲ್ಲ ಬಾರೇ. ಇಬ್ರೂ ಸೇರಿ ಮನೆ ಸರಿಮಾಡೋಣ. ಆಮೇಲೆ ಕೆಳಗಿನ ಮನೆ, ಹಿತ್ತಲು ಎಲ್ಲ ನಿಂದೇ. ನಂಗೇನು, ಮೇಲಿನ ಕೋಣೇಲಿ ಬಿದ್ದಿರ್ತೀನಿ."

ಚೋಟಿಗೆ ಸ್ವರ್ಗ ಮೂರೇ ಗೇಣು ಅನ್ನಿಸಿತು. ಅವಳು ಹಿಂದೆ ಮುಂದೆ ನೋಡಲಿಲ್ಲ, ತಮ್ಮ ಏನಂತಾನೆ ಎಂದೂ ಕೇಳಲಿಲ್ಲ. ಅವನು ಹೆಂಡತಿಯ ಜೊತೆ ಬೇರೆ ಊರಿನಲ್ಲಿದ್ದ, ಅಲ್ಲೇ ಬೇರು ಬಿಟ್ಟಿದ್ದ. ಅಪ್ಪನ ಮಾತಿಗೆ ಸಾಕ್ಷಿ ಯಾರಿಗೆ ಬೇಕು?

ರಜೆ ಬಂತೆಂದರೆ ಹಳೇ ಅಂಗಿ ತೊಟ್ಟು, ತಲೆಗೊಂದು ಬಟ್ಟೆ ಕಟ್ಟಿ ಅವಳು ಹಾಜರು. ಗೋಡೆ ಕೆರೆದಳು. ಅಪ್ಪ ದಾರ ಎಳೆದು ಹಿಡಿದರೆ ಬಚ್ಚಲಿಗೆ ಟೈಲ್ಸ್ ಕೂರಿಸಿದಳು. ಮೊದಲನೇ ಸಾಲು ಹಾವಿನ ಹಾಗೆ ಹೋದದ್ದರಿಂದ ಇಬ್ಬರೂ ನಕ್ಕು ನಕ್ಕು ಕಿತ್ತು ಮತ್ತೆ ಕೂರಿಸಿದರು. ಅವಳ ಅಂಗೈಯಲ್ಲಿ ಬೊಕ್ಕೆ ಎದ್ದು, ಒಡೆದು, ಕೈ ಒರಟಾಯಿತು. ಕೌಂಟರಿನಲ್ಲಿ ಜೊತೆಯವಳು, "ನಿನ್ನ ಹತ್ರ ಬಂದ್ರೆ ಪೇಂಟಿನ ಅಂಗಡಿಗೆ ಹೋದ ಹಾಗಾಗುತ್ತೆ ಕಣೇ" ಎಂದು ಮೂಗು ಮುಚ್ಚಿಕೊಂಡಳು. ಚೋಟಿಗೆ ಅದು ಹೊಗಳಿಕೆಯ ಹಾಗೇ ಕೇಳಿಸಿತು.

ಹಿತ್ತಲಿನಲ್ಲಿ ಅವಳು ಗುದ್ದಲಿ ಹಿಡಿದಳು. ಕಲ್ಲು, ಗಾಜಿನ ಚೂರು, ಯಾರದೋ ಕಾಲದ ಚಪ್ಪಲಿ, ಎಲ್ಲ ಆಯ್ದು ಹಾಕಿ ಮಣ್ಣು ಹದಮಾಡಿದಳು. ಇಟ್ಟಿಗೆಗಳನ್ನು ಓರೆಯಾಗಿ ಹೂತು ಅಂಚು ಕಟ್ಟಿ ನಿಂಬೆ ಗಿಡ ನೆಟ್ಟಳು, ಪುದೀನ ಹಚ್ಚಿದಳು. ಅಪ್ಪ ಹಿಂದಿನ ಗೇಟು ಕಿತ್ತು ಎರಡು ಪಟ್ಟು ಅಗಲ ಮಾಡುತ್ತಿದ್ದ. "ಇಷ್ಟು ಅಗಲ ಯಾಕಪ್ಪ? ನಂಗೆ ಸೈಕಲ್ ಕೂಡ ಇಲ್ಲ" ಎಂದಳು. "ಮರಳಿನ ಗಾಡಿ ಒಳಗೆ ಬರಬೇಡ್ವೇನೇ?" ಎಂದ ಅಪ್ಪ. ಸರಿ ಎನಿಸಿತು. ನಂಬಿದವರಿಗೆ ಎಲ್ಲ ಉತ್ತರವೂ ಸರಿ ಎನಿಸುತ್ತದೆ.

ಇನ್ನು ಅಡುಗೆಮನೆ. ಅಮ್ಮ ಬದುಕಿದ್ದಷ್ಟು ದಿನವೂ ಅಲ್ಲಿನ ಕಟ್ಟೆಯನ್ನು ಶಪಿಸುತ್ತಲೇ ಬೇಯಿಸಿದವಳು. ಕಟ್ಟೆ ತಗ್ಗಾಗಿತ್ತು, ಬಗ್ಗಿ ಬಗ್ಗಿ ಅವಳ ಸೊಂಟ ಬಿದ್ದುಹೋಗಿತ್ತು. ಅದನ್ನು ಒಡೆದ ದಿನ ಅಪ್ಪ ಧೂಳಿನ ನಡುವೆ ನಿಂತು ಹೇಳಿದ: "ಕಟ್ಟೇನೂ ಅಂಗಿ ಇದ್ದ ಹಾಗೇ ಕಣೇ. ಯಾರು ನಿಂತು ಕೆಲಸ ಮಾಡ್ತಾರೋ ಅವರ ಮೈಗೆ ಅಳೆದು ಮಾಡಬೇಕು. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ. ಒಬ್ಬರಿಗೆ ಹೊಲಿದದ್ದು ಇನ್ನೊಬ್ಬರಿಗೆ ಆಗಲ್ಲ."

ಹೀಗೆ ಹೇಳಿದವನು ಅವಳನ್ನು ನಿಲ್ಲಿಸಿ ಅಳತೆ ಮಾತ್ರ ತೆಗೆದುಕೊಳ್ಳಲಿಲ್ಲ. ಇರಲಿ, ಲಂಗದಿಂದ ಹಿಡಿದು ಮದುವೆಯ ಬಟ್ಟೆಯವರೆಗೆ ಅಳೆದವನು, ನನ್ನ ಅಳತೆ ಅವನಿಗೆ ಬಾಯಿಪಾಠ ಎಂದುಕೊಂಡಳು ಚೋಟಿ. ಕಿಟಕಿಯ ಪಕ್ಕ ಒಂದು ಮೊಳೆ ಹೊಡೆದು ಅಮ್ಮನ ಪುಟ್ಟ ಕನ್ನಡಿ ನೇತುಹಾಕಿದಳು, ತನ್ನ ಕಣ್ಣಿನ ಮಟ್ಟಕ್ಕೆ ಸರಿಯಾಗಿ. ಯಾರನ್ನೂ ಕೇಳದೆ ಅವಳು ಹೊಡೆದ ಮೊದಲನೇ ಮೊಳೆ ಅದು. ಸುತ್ತಿಗೆ ಕೆಳಗಿಡಲು ಮನಸ್ಸಾಗದೆ ಸುಮ್ಮನೆ ಇನ್ನೆರಡು ಏಟು ಹೊಡೆದಳು.

ಕಟ್ಟೆಗೆ ಕಲ್ಲು ಕೂರಿಸಿದ ದಿನ ಅವಳಿಗೆ ಡ್ಯೂಟಿ ಇತ್ತು. ಸಂಜೆ ಓಡೋಡಿ ಬಂದು ಕಟ್ಟೆಯ ಮುಂದೆ ನಿಂತಳು. ಕಲ್ಲೇನೋ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಕೈಯಿಟ್ಟರೆ ಹೆಗಲು ಕಿವಿಯವರೆಗೆ ಏರಿತು. ಒಲೆ ಇಟ್ಟರೆ ಪಾತ್ರೆಯೊಳಗೆ ಇಣುಕಲು ತುದಿಗಾಲಲ್ಲಿ ನಿಲ್ಲಬೇಕು.

"ಅಪ್ಪ, ಎತ್ತರ ಆಯ್ತಲ್ಲ?"

ಅಪ್ಪ ಟೇಪು ತೆಗೆದು ಅಳೆದ, ಕನ್ನಡಕ ಒರೆಸಿಕೊಂಡ, ಮತ್ತೆ ಅಳೆದ. "ಅಯ್ಯೋ, ಹೌದಲ್ಲೇ. ಕಣ್ಣು ಮಂಜಾಗಿದೆ ನೋಡು. ಎಲ್ಲೋ ತಪ್ಪು ಓದ್ಕೊಂಡೆ. ವಯಸ್ಸಾಯ್ತು, ಇನ್ನೇನು."

ಚೋಟಿಗೆ ಮರುಕ ಹುಟ್ಟಿತು. ಊರಿನ ಅರ್ಧ ಜನರ ತೋಳು ಸೊಂಟ ಅಳೆದು ಒಂದು ಕೂದಲೆಳೆ ತಪ್ಪದ ಮನುಷ್ಯ. ಕಲ್ಲು ಕೀಳಿಸೋಣ ಎಂಬ ಮಾತು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಮರುದಿನ ನಲ್ಲಿ ಜೋಡಿಸಲು ಬಂದ ಪ್ಲಂಬರ್, "ಇದೇನು ಮೇಡಂ, ಏಣಿ ಹತ್ತಿ ಅಡುಗೆ ಮಾಡ್ತೀರಾ?" ಎಂದು ಹಲ್ಲು ಕಿರಿದಾಗ ಅವನ ಮೇಲೆ ಹರಿಹಾಯ್ದಳು: "ನಾನೇ ಹೇಳಿ ಮಾಡಿಸಿದ್ದು. ನಂಗೆ ಎತ್ತರದ್ದೇ ಇಷ್ಟ. ನಿಮ್ಮ ಕೆಲಸ ನೋಡಿ." ಪಕ್ಕದ ಕೋಣೆಯಲ್ಲಿದ್ದ ಅಪ್ಪನಿಗೆ ಅದು ಕೇಳಿಸಿತು. 

ಹಳೇ ಬಾಗಿಲಿನ ಮರ ಬಿದ್ದಿತ್ತು. ಚೋಟಿ ಅದನ್ನು ಕೊಯ್ದು, ಸ್ಯಾಂಡ್‌ಪೇಪರ್ ಹಾಕಿ ನಯ ಮಾಡಿ, ಕೆಳಗೆ ನಾಲ್ಕು ಗಟ್ಟಿ ಕಾಲು ಕೊಟ್ಟು, ಕಟ್ಟೆಯ ಉದ್ದಕ್ಕೂ ಇಡುವಂಥ ಒಂದು ಕಾಲುಹಲಗೆ ಮಾಡಿದಳು. ಅದರ ಮೇಲೆ ನಿಂತರೆ ಎಲ್ಲ ಸರಿಹೋಗುತ್ತಿತ್ತು. "ನೋಡಪ್ಪ, ಈಗ ನಾನೂ ಎತ್ತರದ ಹೆಂಗಸು" ಎಂದು ನಗಿಸಲು ನೋಡಿದಳು. ಅಪ್ಪ ನಗಲಿಲ್ಲ. ತಪ್ಪಿಗೆ ನೊಂದುಕೊಂಡಿದ್ದಾನೆ, ಪಾಪ ಎಂದುಕೊಂಡಳು. ಪಾಪವಂತೆ!

ಬಣ್ಣ ಒಣಗಿ, ಕೆಲಸ ಮುಗಿದ ಮೇಲೆ ಮನೆ ನೋಡಲು ತಮ್ಮ ಬಂದ, ಹೆಂಡತಿಯನ್ನೂ ಕರೆದುಕೊಂಡು. ಹಿಂದಿನ ಗೇಟಿನಿಂದ ಅವನ ಕಾರು ಎರಡೂ ಕಡೆ ಗೇಣಗಲ ಜಾಗ ಬಿಟ್ಟು ಸಲೀಸಾಗಿ ಒಳಗೆ ಬಂದು ಪುದೀನದ ಮಡಿಯ ಅಂಚಿನಲ್ಲಿ ನಿಂತಿತು. ಚೋಟಿ ನೋಡಿದಳು. ನೋಡಿಯೂ ಏನೂ ಅಂದುಕೊಳ್ಳಲಿಲ್ಲ.

ತಮ್ಮನ ಹೆಂಡತಿ ಒಳ್ಳೆಯವಳು. ಗಂಡನಿಗಿಂತಲೂ ಎತ್ತರ, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರುವವಳು. ಬಂದವಳೇ, "ಅಕ್ಕ, ನೀವು ಕೂತ್ಕೊಳ್ಳಿ, ನಾನು ಹೆಚ್ತೀನಿ" ಎಂದು ಸೌತೆಕಾಯಿ, ಚಾಕು ಕಿತ್ತುಕೊಂಡಳು. ಅಡ್ಡವಾಗಿದ್ದ ಕಾಲುಹಲಗೆಯನ್ನು ಪಾದದಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ ಕಟ್ಟೆಯ ಮುಂದೆ ನಿಂತಳು.

ಅವಳ ಬೆನ್ನು ನೆಟ್ಟಗಿತ್ತು. ಹೆಗಲು ಇಳಿಬಿದ್ದಿತ್ತು. ಮೊಣಕೈಗೂ ಕಲ್ಲಿಗೂ ನಡುವೆ ನಾಲ್ಕೇ ಬೆರಳಿನ ಜಾಗ. ದರ್ಜಿಯ ಮೇಜಿನ ಕೆಳಗೆ ಬಟ್ಟೆಚೂರುಗಳ ಜೊತೆ ಆಡಿ ಬೆಳೆದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೊಲಿದು ಕೊಟ್ಟ ಅಂಗಿ ಮೈಮೇಲೆ ಕೂತಾಗ ಹೇಗೆ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. 

ತಮ್ಮನ ಹೆಂಡತಿ ಹೆಚ್ಚುತ್ತಲೇ ಹೇಳಿದಳು: "ಎಷ್ಟು ಸರಿಯಾಗಿದೆ ನೋಡಿ ಅಕ್ಕ! ಮಾವ ನಮ್ಮನೆಗೆ ಬಂದಾಗ ನನ್ನ ಗೋಡೆಗೆ ನಿಲ್ಲಿಸಿ ಅಳೆದಿದ್ರಲ್ಲ, ಆಗ ನಾನು ಚಪ್ಪಲಿ ಹಾಕ್ಕೊಂಡಿದ್ದೆ. ಹೆಚ್ಚುಕಮ್ಮಿ ಆಗುತ್ತೇನೋ ಅಂತ ಭಯ ಇತ್ತು. ಮುಂದಿನ ತಿಂಗಳು ಸಾಮಾನೆಲ್ಲ ಬಂದುಬಿಡುತ್ತೆ. ಹಿತ್ತಲಿಗೆ ಕಾಂಕ್ರೀಟ್ ಹಾಕಿಸಿದ್ರೆ ಕಾರಿಗೂ..." ಅಷ್ಟರಲ್ಲಿ ಚೋಟಿಯ ಮುಖ ನೋಡಿ ಅವಳ ಚಾಕು ನಿಂತಿತು. "ಮಾವ ನಿಮಗೆ ಹೇಳಿದ್ದಾರೆ ತಾನೆ?"

ಬಾಗಿಲಲ್ಲಿ ನಿಂತಿದ್ದ ತಮ್ಮ ಗಬಕ್ಕನೆ ಫೋನಿನೊಳಗೆ ಮುಖ ಹುದುಗಿಸಿದ.

ಅಪ್ಪ ಹಿತ್ತಲಿನಲ್ಲಿ ನಿಂಬೆ ಗಿಡಕ್ಕೆ ನೀರು ಹಾಕುತ್ತಿದ್ದ. ನಾಳೆ ಕಾಂಕ್ರೀಟಿನಡಿ ಹೋಗುವ ಗಿಡಕ್ಕೆ ಇವತ್ತು ನೀರು! ಚೋಟಿ ಹೋಗಿ ಅವನ ಬೆನ್ನ ಹಿಂದೆ ನಿಂತಳು.

"ಕಣ್ಣು ಮಂಜು ಅಂದಿದ್ದೆ ನೀನು, ಅಪ್ಪ."

ಅಪ್ಪ ತಿರುಗಿ ನೋಡಲಿಲ್ಲ. ಪೈಪಿನ ನೀರು ಒಂದೇ ಕಡೆ ಬಿದ್ದು ಗುಂಡಿ ಮಾಡುತ್ತಿತ್ತು. "ಅವರದು ಸಂಸಾರ ಚೋಟಿ. ಅಲ್ಲಿ ಜಾಗ ಸಾಲ್ತಿಲ್ವಂತೆ. ನೀನು ಒಬ್ಬಳೇ. ಹೇಗೋ ಆಗುತ್ತೆ ನಿಂಗೆ."

"ಹೇಗೋ ಆಗುತ್ತೆ ಅಂತ ಮೊದಲೇ ಹೇಳಬಹುದಿತ್ತಲ್ಲ?"

"ಹೇಳೋಣ ಅಂತಲೇ ಇದ್ದೆ. ನೀನು ಅಷ್ಟು ಖುಷಿಯಾಗಿ ಕೆಲಸ ಮಾಡ್ತಿದ್ದೆ..."

"ಹೇಳಿದ್ರೆ ಕೆಲಸ ನಿಂತುಹೋಗ್ತಿತ್ತು. ಅದನ್ನಾದ್ರೂ ನಿಜ ಹೇಳಪ್ಪ."

ಅಪ್ಪ ಪೈಪನ್ನು ಪುದೀನದ ಕಡೆ ತಿರುಗಿಸಿದ.  ಮನೆ ತಮ್ಮನಿಗೆ ಹೋದದ್ದು ದೊಡ್ಡ ನೋವೇ, ಆದರೆ ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಅಳತೆ ಎಂದೂ ತಪ್ಪದವನು ತಪ್ಪಿತು ಎಂದು ಸುಳ್ಳು ಹೇಳಿದ್ದ, ಅವಳು ಆ ಸುಳ್ಳಿಗೆ ಮರುಗಿ, ಅವನ ಮಾನ ಕಾಯಲು ಪ್ಲಂಬರನ ಮೇಲೆ ರೇಗಿ, ಹಲಗೆ ಮಾಡಿಕೊಂಡು ಅದರ ಮೇಲೆ ನಿಂತು ನಕ್ಕಿದ್ದಳು. ಅವನು ಅದನ್ನೆಲ್ಲ ನೋಡುತ್ತ ಕೂತಿದ್ದ. ಇದನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವಳಿಗೆ ತೋಚಲಿಲ್ಲ.

ಅವಳು ಒಳಗೆ ಹೋದದ್ದು ನೋಡಿ ಅಪ್ಪ ಒದ್ದೆ ಕೈಯಲ್ಲೇ ಹಿಂದೆ ಬಂದ. ಮೊದಲಿನಿಂದಲೂ ಹಾಗೇ, ಯಾರಾದರೂ ಮುನಿಸಿಕೊಂಡರೆ ಏನಾದರೂ ಹೊಲಿದು ಕೊಟ್ಟು ಸಮಾಧಾನ ಮಾಡುವವನು.

"ಕೋಪ ಮಾಡ್ಕೋಬೇಡ ಕಣೇ. ಮೇಲಿನ ಕೋಣೆ ನೀನೇ ಇಟ್ಕೋ, ನಾನು ಕೆಳಗೆ ಇವರ ಜೊತೆ ಇರ್ತೀನಿ. ಅಲ್ಲಿ ಮೂಲೇಲಿ ನಿಂಗೊಂದು ಕಟ್ಟೆ ನಾನೇ ಕಟ್ಟಿಕೊಡ್ತೀನಿ. ಮೂವತ್ತೊಂದೂವರೆ ಇಂಚು, ನಿಂಗೆ ಅಷ್ಟೇ ಸರಿ."

ಟೇಪು ಅವನ ಕೊರಳಲ್ಲೇ ಇತ್ತು. ಅವನು ಅದನ್ನು ಮುಟ್ಟಿರಲಿಲ್ಲ.

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಅಪ್ಪನಿಗೇ ಹೊಳೆಯಿತು.  ತಮ್ಮನ ಹೆಂಡತಿ ಕಟ್ಟೆಯಿಂದ ಕೈ ತೆಗೆದು ದೂರ ಸರಿದಳು, ಬಿಸಿ ತಾಗಿದವಳ ಹಾಗೆ.

ಚೋಟಿ ಜಗಳ ಆಡಲಿಲ್ಲ, ಅಳಲೂ ಇಲ್ಲ. ಹಲಗೆ ಎತ್ತಿ ಬಾಗಿಲ ಬಳಿ ಇಟ್ಟಳು. ಅಮ್ಮನ ಕನ್ನಡಿ ಇಳಿಸಿ ಕೈಚೀಲಕ್ಕೆ ಹಾಕಿಕೊಂಡಳು. ಸಾಮಾನಿನ ಡಬ್ಬದಿಂದ ಇಕ್ಕಳ ತಂದು, ಗೋಡೆಗೆ ಪೆಟ್ಟಾಗದ ಹಾಗೆ ಹಿಂದಕ್ಕೂ ಮುಂದಕ್ಕೂ ಅಲುಗಿಸಿ ಮೊಳೆ ಕಿತ್ತಳು.

"ಮೊಳೆ ಇದ್ರೆ ಇರಲಿ ಬಿಡೇ, ಅದು ಯಾರಿಗೆ ಏನು ಮಾಡ್ತು?" ಎಂದ ಅಪ್ಪ.

"ಖಾಲಿ ಮಾಡುವಾಗ ಕೀಳಬೇಕಪ್ಪ."

ಉಳಿದಿದ್ದ ಬಿಳಿ ಸಿಮೆಂಟಿಗೆ ಎರಡು ಹನಿ ನೀರು ಹಾಕಿ ಕಲಸಿದಳು. ತೂತಿಗೆ ಒತ್ತಿ, ಹೆಬ್ಬೆರಳಿನಿಂದ ಸವರಿ, ಒಣಗುವವರೆಗೆ ನಿಂತು, ಮೇಲೆ ಬಣ್ಣ ಮುಟ್ಟಿಸಿದಳು. ನಂತರ ಒಂದು ಹೆಜ್ಜೆ ಹಿಂದೆ ಸರಿದು, ಮಾಲೀಕರು ನೋಡಲಿ ಎಂದು ಅಪ್ಪನಿಗೆ ದಾರಿ ಬಿಟ್ಟಳು.

ಅಪ್ಪ ಗೋಡೆಯ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಬೆರಳಾಡಿಸಿ ಹುಡುಕಿದ. ಮೊಳೆ ಇದ್ದ ಜಾಗ ಸಿಗಲಿಲ್ಲ.