ಅರಿಷಿಣದ ಚಿಂದಿಗಳು

ಬರುವ ಸೋಮವಾರ ಗ್ಯಾನಮ್ಮನ ಹೊಲ ಪಕ್ಕದ ಹೊಲದ ಸಾಹುಕಾರ ಮುದುಕಪ್ಪನ ಕೈಗೆ ಹೋಗುವುದಿತ್ತು. ಮಾರಾಟವೇನಲ್ಲ, ಐದು ವರ್ಷದ ಲಾವಣಿ, ಅಂದರೆ ಗುತ್ತಿಗೆ. ಆದರೆ ಲಾವಣಿಗೆ ಹೋದ ಬಡವರ ಹೊಲ ತಿರುಗಿ ಮನೆಗೆ ಬಂದದ್ದನ್ನು ಅವಳು ಗೊರೇಬಾಳದಲ್ಲಿ ಕಂಡಿರಲಿಲ್ಲ. ಒಂದೂಕಾಲು ಎಕರೆ ಎರೆ ಹೊಲ. ಗಂಡುಮಕ್ಕಳಿಲ್ಲದ ಅಪ್ಪ ಸಾಯುವ ಮುಂಚೆ ಮಗಳ ಉಡಿಗೆ ಹಾಕಿದ್ದು.

ಎಂಬತ್ತೇಳರಲ್ಲಿ ನಟ್ಟ ಭತ್ತವೂ ಎಂಬತ್ತೆಂಟರಲ್ಲಿ ನಟ್ಟ ಭತ್ತವೂ ಮೊಣಕಾಲುದ್ದ ಆಗುವುದರೊಳಗೆ ತುದಿ ಸುಟ್ಟುಕೊಂಡು ಕೂತುಬಿಟ್ಟಿದ್ದವು. ಬದುವಿನ ಆಚೆ ಮುದುಕಪ್ಪನ ಪೈರು ತೆನೆ ಬಾಗಿಸಿಕೊಂಡು ನಿಂತಿರುತ್ತಿತ್ತು. ಅದೇ ಕಾಲುವೆಯ ನೀರು, ಅದೇ ಬೀಜ. ಹಾಗಾದರೆ ಬೇರೆ ಏನು? ಊರು ತನ್ನಷ್ಟಕ್ಕೆ ತಾನೇ ಉತ್ತರ ಕಂಡುಕೊಂಡಿತು. ಗ್ಯಾನಮ್ಮ ಊರ ಅಗಸಗಿತ್ತಿ. ಬಾಣಂತಿಯರ ಬಟ್ಟೆ, ಮುಟ್ಟಾದವರ ಬಟ್ಟೆ, ಸೂತಕದ ಮನೆಯ ಬಟ್ಟೆ ಎಲ್ಲ ಅವಳ ಕೈಯಲ್ಲೇ ಒಗೆದು ಮಡಿಯಾಗಬೇಕು. ಮೈಲಿಗೆ ತೊಳೆಯುವ ಕೈ ಸಸಿ ಹಚ್ಚಿದರೆ ಭೂಮ್ತಾಯಿ ಹಿಡಿದಾಳೇ?

"ನಾ ಅನ್ನೂದಲ್ಲಬೇ ಇದು, ಮಂದಿ ಅಂತಾರ," ಅಂದಿದ್ದ ಮುದುಕಪ್ಪ, ಒಳ್ಳೆಯ ದನಿಯಲ್ಲೇ. "ನಿನ್ನ ಕೈಗೆ ಆ ಹೊಲ ಒಗ್ಗವಲ್ದು. ನಾ ಮಾಡ್ತೀನಿ. ಸುಗ್ಗಿಗೆ ನಿನ್ನ ಪಾಲಿನ ಚೀಲ ಮನಿಗೇ ಬರ್ತಾವ, ಕುಂತು ಉಣ್ಣು."

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಇಸ್ತ್ರಿ ಅಂಗಡಿ ಇಟ್ಟಿದ್ದ ಗಂಡ ದ್ಯಾವಪ್ಪ ಹ್ಞೂಂ ಅಂದುಬಿಟ್ಟ. ಗ್ಯಾನಮ್ಮ ಅಂಗೈ ತಿರುವಿ ನೋಡಿಕೊಂಡಳು. ಬಟ್ಟೆ ಒಗೆಯುವ ಸೋಡಾಕ್ಕೆ ಬೆಳ್ಳಗಾಗಿ ಬೆರಳ ಸಂದುಗಳೆಲ್ಲ ಸೀಳಿದ್ದವು. ಮಂದಿ ಅನ್ನುವುದು ಖರೆ ಇದ್ದರೂ ಇರಬಹುದು ಅನ್ನಿಸಿತು.

ಗುರುವಾರ ಸಂಜೆ ಒಗೆದ ಬಟ್ಟೆ ಕೊಡಲು ಲಾಲ್‌ಬೀ ಟೀಚರ ಮನೆಗೆ ಹೋದಳು. ಲಿಂಗಸುಗೂರು ಕಡೆಯ ಆಕೆ ಊರ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದು ವರ್ಷವಾಗಿತ್ತು. ಬಿಳಿ ವಾಯಿಲ್ ಸೀರೆ ಬಿಚ್ಚಿ ನೋಡಿದವಳೇ ಕೂಗಿದಳು.

"ಗ್ಯಾನಮ್ಮಾ, ಏನ ಮಾಡಿದಿ ಇದು! ಸೆರಗಿನ ಮ್ಯಾಲ ಸಾರು ಚೆಲ್ಲಿದ್ದು ಹಳದಿ ಕಲಿ ಇತ್ತು, ನೀ ಕೆಂಪು ಮಾಡಿ ತಂದಿ! ಯಾರನ್ನೋ ಕೊಲಿ ಮಾಡಿ ಬಂದಂಗ ಕಾಣ್ತೈತಿ."

ಗ್ಯಾನಮ್ಮ ನಕ್ಕಳು. "ಗಾಬರಿ ಆಗಬ್ಯಾಡ್ರಿ ಟೀಚರಮ್ಮ. ಅರಿಷಿಣಕ್ಕ ಸೋಡಾ ಮುಟ್ಟಿದ್ರ ಹಂಗ ಕೆಂಪೇರ್ತೈತಿ. ಸವಳು ಮಣ್ಣು ಮುಟ್ಟಿದ್ರೂ ಅಷ್ಟ. ಲಿಂಬಿಹಣ್ಣು ಹಿಂಡಿದ್ರ ತಿರುಗಿ ಹಳದಿ ಆಗ್ತೈತಿ, ಬಿಸಲಿಗೆ ಹಾಕಿದ್ರ ಹಳದೀನೂ ಹೋಗ್ತೈತಿ. ನಾಕು ದಿನದಿಂದ ಬಿಸಲ ಎಲ್ಲಿ ಐತ್ರಿ?"

ಸೀರೆ ಲಾಲ್‌ಬೀಯ ಕೈಯಲ್ಲೇ ಉಳಿಯಿತು. ಆ ವಾರವಿಡೀ ಎಂಟನೆಯ ತರಗತಿಗೆ ಆಮ್ಲ, ಪ್ರತ್ಯಾಮ್ಲದ ಪಾಠ. ಮಕ್ಕಳು ಭಜನೆಯ ಹಾಗೆ ಕೂಗಿ ಬಾಯಿಪಾಠ ಮಾಡಿದ್ದರು. ಬಣ್ಣ ಬದಲಿಸಿ ತೋರಿಸಬೇಕಾದ ಲಿಟ್ಮಸ್ ಕಾಗದ ಮಾತ್ರ ಬೀರುವಿನಲ್ಲಿ ತೇವ ಹಿಡಿದು ಮುದ್ದೆಯಾಗಿತ್ತು.

"ಯಾರು ಕಲಿಸಿದ್ರು ನಿನಗ ಇದನ್ನ?"

"ಕಲಸೋರು ಯಾರ್ರಿ? ಮದಿವಿ ಮನಿ ಬಟ್ಟಿ ಒಗದು ಒಗದು ಗೊತ್ತಾಗೈತಿ."

"ನಾಳೆ ಸಾಲಿಗೆ ಬಾ. ಬರೋಮುಂದ ಅರಿಷಿಣದ ಚಿಂದಿ, ಸವಳು ಮಣ್ಣು ಒಂದಿಷ್ಟು, ಒಳ್ಳೆ ಮಣ್ಣು ಒಂದಿಷ್ಟು ತಗೊಂಡು ಬಾ."

"ಯಾತಕ್ರಿ?"

"ಪಾಠ ಹೇಳಾಕ."

ಶುಕ್ರವಾರ ಅವಳು ತರಗತಿಯ ಬಾಗಿಲಲ್ಲೇ ನಿಂತಳು. ಆ ಹೊಸ್ತಿಲು ದಾಟಿದವಳಲ್ಲ. ಲಾಲ್‌ಬೀ ಕೈಹಿಡಿದು ಒಳಗೆ ಕರೆತಂದು ಮೇಜಿನ ಹಿಂದೆ ನಿಲ್ಲಿಸಿದಳು.

"ಟೀಚರ್, ಇವತ್ತ ಬಟ್ಟಿ ಒಗಿಯೋ ಪಾಠ ಏನ್ರಿ?" ಹಿಂದಿನ ಸಾಲಿನಿಂದ ಒಬ್ಬ. ತರಗತಿಯೆಲ್ಲ ಗೊಳ್ಳೆಂದಿತು.

"ಹೌದು. ಪರೀಕ್ಷ್ಯಾಗ ಬರ್ತೈತಿ, ಬಾಯಿ ಮುಚ್ಚಿ ನೋಡು," ಅಂದಳು ಲಾಲ್‌ಬೀ.

ಗ್ಯಾನಮ್ಮ ಅರಿಷಿಣದಲ್ಲಿ ಅದ್ದಿ ಒಣಗಿಸಿದ್ದ ಬಿಳಿ ಚಿಂದಿಗಳನ್ನು ಬಿಚ್ಚಿಟ್ಟಳು. ಮೊದಲ ಬಟ್ಟಲಲ್ಲಿ ಬರೀ ನೀರು: ಚಿಂದಿ ಹಳದಿಯೇ ಉಳಿಯಿತು. ಎರಡನೆಯದರಲ್ಲಿ ಹಳ್ಳದ ದಂಡೆಯ ಬೆಳ್ಳನೆಯ ಸವಳು, ಅಂದರೆ ಕ್ಷಾರದ ಮಣ್ಣು, ಕದಡಿದಳು: ಚಿಂದಿ ಕುಂಕುಮದ ಹಾಗೆ ಕೆಂಪೇರಿತು. ಮಕ್ಕಳು ಬೆಂಚು ಬಿಟ್ಟು ಎದ್ದುಬಂದರು. ಮೂರನೆಯ ಬಟ್ಟಲಿಗೆ ಒಳ್ಳೆಯ ಮಣ್ಣೆಂದು ಅವಳು ತಂದದ್ದು ತನ್ನ ಹೊಲದ್ದೇ. ಕಪ್ಪಗೆ ಕಾಡಿಗೆಯಂಥ ಎರೆಮಣ್ಣು, ಅಪ್ಪ ಕೊಟ್ಟದ್ದು. ಅದಕ್ಕಿಂತ ಒಳ್ಳೆಯದು ಅವಳಿಗೆ ಯಾವುದು ಗೊತ್ತಿತ್ತು?

ಚಿಂದಿ ನಿಧಾನಕ್ಕೆ ಇಟ್ಟಂಗಿ ಬಣ್ಣಕ್ಕೆ ತಿರುಗಿತು.

ಗ್ಯಾನಮ್ಮ ಬಟ್ಟಲು ದೂರ ಸರಿಸಿದಳು. "ನನ್ನ ಕೈ ಸರಿ ಇಲ್ರಿ ಟೀಚರಮ್ಮ. ಊರು ಅನ್ನೂದ ಖರೆ ಐತಿ," ಅಂದು ಮೈಲಿಗೆಯ ಮಾತನ್ನೂ ಸೋಮವಾರದ ಲಾವಣಿಯನ್ನೂ ಅಲ್ಲೇ, ಮಕ್ಕಳ ಎದುರಿಗೇ ಹೇಳಿಬಿಟ್ಟಳು.

ಲಾಲ್‌ಬೀ ಇನ್ನೊಂದು ಬಟ್ಟಲಿಗೆ ನೀರು ಸುರಿದು, "ಹಂಗಾದ್ರ ಕೈಯನ್ನೂ ನೋಡೋಣು," ಅಂದಳು. ಗ್ಯಾನಮ್ಮ ಕೈ ತೊಳೆದು ಬೇರೆ ನೀರಿನಲ್ಲಿ ಮಣಿಕಟ್ಟಿನವರೆಗೂ ಅದ್ದಿ ಹಿಡಿದಳು. ಆ ನೀರಿಗೆ ಚಿಂದಿ ಹಾಕಿದರು. ನಲವತ್ತು ಮಕ್ಕಳು ಮೇಜಿಗೆ ಮುತ್ತಿಕೊಂಡು ನೋಡಿದರು. ಹಳದಿ. ಆಮೇಲೆ ಮುಂದಿನ ಬೆಂಚಿನ ಹುಡುಗಿ ಹೊಸ ಬಟ್ಟಲಲ್ಲಿ, ತನ್ನ ಕೈಯಿಂದಲೇ ಆ ಎರೆಮಣ್ಣು ಕದಡಿ ಚಿಂದಿ ಅದ್ದಿದಳು. ಕೆಂಪು.

"ಕೈ ಯಾವುದಾದ್ರೂ ಮಣ್ಣು ಅದ ಹೇಳಾಕತ್ತೈತಿ," ಅಂದಳು ಲಾಲ್‌ಬೀ. "ಕಾಲುವಿ ನೀರು ಬಸದು ಬಂದು ತಗ್ಗಿನ ಹೊಲದಾಗ ನಿಂತು ಸವಳು ಎಬ್ಬಿಸೈತಿ, ಅದಕ್ಕ ಪೈರು ಸುಡ್ತೈತಿ. ಎರಿ ಮಣ್ಣಿನ್ಯಾಗ ಅದು ಹಳ್ಳದ ದಂಡಿಯಂಗ ಬೆಳ್ಳಗ ಕಾಣಂಗಿಲ್ಲ, ಅದಕ್ಕ ನಿನಗೂ ಗುರುತು ಸಿಕ್ಕಿಲ್ಲ. ಮೊದ್ಲ ನೀರು ಹೋಗಾಕ ಎದಿಮಟ ಬಸಿಗಾಲುವಿ ತೋಡಬೇಕು. ಮ್ಯಾಲ ಜಿಪ್ಸಂ ಹಾಕ್ತಾರ. ಎಷ್ಟಂತ ನಾ ಸಿಂಧನೂರಾಗ ಕೇಳಿ ಬರ್ತೀನಿ. ಆದ್ರ ಒಂದ ವರ್ಷಕ್ಕ ಆಗೋ ಕೆಲಸಲ್ಲ."

ಶಾಲೆಯಲ್ಲಿ ನಡೆದದ್ದನ್ನು ಕೇಳಿ ದ್ಯಾವಪ್ಪ ಆ ಭಾನುವಾರ ಅಂಗಡಿ ತೆರೆಯಲಿಲ್ಲ. ಬೆಳಿಗ್ಗೆ ಗಂಡಹೆಂಡಿರು ಒಂದು ಕೊಡ ನೀರು, ಒಂದು ತಾಟು, ಕಟ್ಟು ಚಿಂದಿ ತೆಗೆದುಕೊಂಡು ಹೊಲಕ್ಕೆ ಹೋದರು. ಹತ್ತು ಹೆಜ್ಜೆಗೊಂದು ಕಡೆ ಮಣ್ಣು ತೆಗೆದು ಕದಡುವುದು, ಚಿಂದಿ ಅದ್ದಿ ಅಲ್ಲೇ ಜಾಲಿ ಕಡ್ಡಿಗೆ ಕಟ್ಟಿ ನೆಡುವುದು. ಮೇಲಿನ ಮೂಲೆಯಲ್ಲಿ ಹಳದಿ. ಇಳಿಜಾರಿಗೆ ಬಂದಂತೆ ಕೆಂಪು, ಮತ್ತೂ ಕೆಂಪು. ಬದುವಿಗೆ ಬಂದು ಗ್ಯಾನಮ್ಮ ನಿಂತಳು; ಆಚೆ ಇನ್ನೂ ತಗ್ಗಿನಲ್ಲಿ ಮುದುಕಪ್ಪನ ಹೊಲದ ಕೆಳಗಿನ ಮೂಲೆ. ಅಷ್ಟರಲ್ಲಿ ನಾಳೆ ತನ್ನದಾಗಲಿರುವ ಹೊಲವನ್ನು ನೋಡಿಹೋಗಲು ಮುದುಕಪ್ಪನೇ ಬಂದ.

"ಇದೇನಬೇ ಗ್ಯಾನಿ, ಹೊಲದಾಗ ಬಟ್ಟಿ ಒಣಾ ಹಾಕೀದಿ?"

ಅವಳು ಎಲ್ಲ ಹೇಳಿದಳು. ಹೇಳಿ, "ನಿಮ್ಮ ಕೆಳಗಿನ ಮೂಲಿ ಮಣ್ಣೂ ಒಂದು ಹಿಡಿ ಕೊಡ್ರಿ ಸಾವ್ಕಾರ್ರ," ಅಂದಳು.

"ನನ್ನ ಹೊಲಕ್ಕ ಏನಾಗೈತಿ?"

"ಏನೂ ಆಗಿದ್ದಿಲ್ಲಂದ್ರ ಹಳದಿ ಇರ್ತೈತಲ್ರಿ."

ಮುದುಕಪ್ಪ ಅವಳ ಕೈಗೆ ಕೊಡಲಿಲ್ಲ. ತಾನೇ ಬಗ್ಗಿ ಮಣ್ಣು ತೆಗೆದ, ತಾನೇ ಕದಡಿದ, ತಾನೇ ಚಿಂದಿ ಅದ್ದಿದ. ಬಟ್ಟೆ ಕೆಂಪಾಗುವುದನ್ನು ಮೂವರೂ ನೋಡಿದರು.

"ಯಪ್ಪಾ," ಅಂದ ದ್ಯಾವಪ್ಪ, "ನೀವು ಯಾರ ಬಟ್ಟಿ ಒಗದಿದ್ರಿ?"

ಗ್ಯಾನಮ್ಮ ಗಂಡನ ಕಡೆ ಒಂದು ನೋಟ ಎಸೆದಳು. ಅವನು ಕೊಡ ಎತ್ತಿಕೊಂಡು ಅತ್ತ ತಿರುಗಿದ.

ಮುದುಕಪ್ಪನಿಗೆ ಸಿಟ್ಟು ಬರಲಿಲ್ಲ. ಬದುವಿನ ಮೇಲೆ ಕೂತ. "ಹೋದ ಸುಗ್ಗಿಗೆ ಈ ಮೂಲ್ಯಾಗ ಬರೇ ಜೊಳ್ಳು ಬಂದಿತ್ತು," ಅಂದ ಚಿಂದಿ ಹಿಂಡುತ್ತ. "ಮನ್ಯಾಗೂ ಹೇಳಿದ್ದಿಲ್ಲ ನಾನು."

"ನಾಳೆ ಲಾವಣಿ ಕಾಗದ ಬ್ಯಾಡ್ರಿ," ಅಂದಳು ಗ್ಯಾನಮ್ಮ. ತನ್ನ ದನಿ ಇಷ್ಟು ಗಟ್ಟಿ ಬಂದದ್ದು ಅವಳಿಗೇ ಹೊಸದು. "ಹೊಲ ನಾನ ಮಾಡ್ತೀನಿ. ಆದ್ರ ಬಸಿಗಾಲುವಿ ಹಳ್ಳಕ್ಕ ಮುಟ್ಟಬೇಕಂದ್ರ ನಿಮ್ಮ ಮೂಲಿ ದಾಟಬೇಕು. ದಾರಿ ಕೊಡ್ರಿ. ಇಬ್ಬರದೂ ನೀರು ಹೋಗ್ತೈತಿ."

ಅವನು ಹೊಲ ನೋಡಿದ, ಹಳ್ಳ ನೋಡಿದ, ಕಡ್ಡಿಗಳ ಸಾಲು ನೋಡಿದ.

"ಎಷ್ಟು ಆಳ ಅಂದ್ಲು ಆ ಟೀಚರಮ್ಮ?"

"ಎದಿಮಟ ಅಂದಾರ್ರಿ."

"ಎದಿಮಟ ಅಂದ್ರ ನನ್ನ ಎದಿಯೋ, ನಿನ್ನ ಎದಿಯೋ? ನೀ ನೋಡಿದ್ರ ಗೇಣುದ್ದ ಅದಿ."

"ತೋಡೋರು ನೀವಾದ್ರ ನಿಮ್ಮ ಎದಿ, ನಾವಾದ್ರ ನನ್ನ ಎದಿ," ಅಂದಳು ಗ್ಯಾನಮ್ಮ.

ಮುದುಕಪ್ಪನ ಮೀಸೆಯ ಅಡಿ ನಗೆಯಂಥದೇನೋ ಸರಿದುಹೋಯಿತು. ಎದ್ದು, ಧೋತರ ಮೇಲೆತ್ತಿ ಕಟ್ಟಿಕೊಂಡು ತನ್ನ ಮೂಲೆಯನ್ನೇ ಹಾಯ್ದು ಹಳ್ಳದ ಕಡೆಗೆ ಒಂದೊಂದೇ ಹೆಜ್ಜೆ ಅಳೆಯುತ್ತ ನಡೆದ. ಗ್ಯಾನಮ್ಮ ಅವನ ಹಿಂದೆ, ಅವನು ಕಾಲೂರಿದ ಕಡೆಯೆಲ್ಲ ಒಂದೊಂದು ಗುರುತಿನ ಕಲ್ಲು ಇಡುತ್ತ ಹೋದಳು.