ಜುನಿಪರಿಗೆ ಕುಲಾವಿ

ಅತ್ತೆ ಮೂವತ್ತು ವರ್ಷ ಹೆರಿಗೆ ವಾರ್ಡಿನ ನರ್ಸಾಗಿದ್ದವರು. ಮೊಮ್ಮಗಳು ಕೊಟ್ಟ, ಕುಂಡದಲ್ಲಿ ಕುಬ್ಜವಾಗಿ ಬೆಳೆಸಿದ ಜುನಿಪರ್ ಬೋನ್ಸಾಯ್ ಮರವನ್ನೂ ಎಳೆಗೂಸಿನಂತೆ ಕೋಣೆಯಲ್ಲಿ ಬೆಚ್ಚಗಿಟ್ಟು, ಸಂಜೆಯಾದರೆ ಉಣ್ಣೆಯ ಕುಲಾವಿ ತೊಡಿಸುತ್ತಿದ್ದರು. ಗಿಡ ಹಳದಿಗೆ ತಿರುಗಿದ್ದೇ ತಡ, ಅವರಿಗೆ ಊಟ ಸೇರಲಿಲ್ಲ. ಸೊಸೆ ನರ್ಸರಿಯವನನ್ನು ಕರೆತಂದಳು.

“ಇದು ಬಯಲಿನ ಮರ ಅಮ್ಮ. ಬಿಸಿಲು, ಗಾಳಿ, ಚಳಿ ಎಲ್ಲಾ ಬೇಕು. ಒಳಗಿಟ್ರೆ ಉಳಿಯಲ್ಲ.”

“ಇಷ್ಟು ಪುಟ್ಟದನ್ನ ಚಳಿಗೆ ಹಾಕೋದಾ?”

“ಪುಟ್ಟದೆಲ್ಲಿ? ಇದಕ್ಕೆ ಇಪ್ಪತ್ತೆರಡು ವರ್ಷ!”

ಅತ್ತೆ ಸೊಸೆಯತ್ತ ತಿರುಗಿದರು. “ಅಯ್ಯೋ, ಮದುವೆ ವಯಸ್ಸಿನ ಹುಡುಗನಿಗೆ ಕುಲಾವಿ ಕಟ್ಟಿದ್ನಲ್ಲೇ!”

ಮರ ಬಾಲ್ಕನಿಗೆ ಹೋಯಿತು. ಸಂಜೆ ಸೊಸೆ ನೋಡಿದರೆ, ಅತ್ತೆ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

“ಚಿಗುರೋವರೆಗೂ ಡ್ಯೂಟಿ ನಂದೇ” ಎಂದರು.

ಸೊಸೆ ಶಾಲು ತಂದು ಅತ್ತೆಗೆ ಹೊದಿಸಿದಳು.