ಮೊದಲಿನಂಗ

ಆಪರೇಷನ್ ಆದ ಮೇಲೆ ನನ್ನ ಗಂಡನ ಕೈ ನನ್ನ ಮೇಲೆ ಏಳಲಿಲ್ಲ. ಏಳಲು ಅದರಲ್ಲಿ ತ್ರಾಣವೇ ಇರಲಿಲ್ಲ. ಮದುವೆಯಾಗಿ ಬೆಳಗಾವಿಯ ಅನಗೋಳದ ಮನೆಗೆ ಬಂದಂದಿನಿಂದ ಮೊದಲ ಬಾರಿಗೆ ನಾನು ಬಾಗಿಲಿಗೆ ಬೆನ್ನು ಕೊಟ್ಟು ರೊಟ್ಟಿ ಬಡಿದೆ. ಹಿಂದೆ ಯಾರು ಬಂದು ನಿಂತರು ಎಂದು ತಿರುಗಿ ನೋಡುವ ಗೊಡವೆಯೇ ಇಲ್ಲ. ಅದೆಂಥ ಸುಖ ಅಂತ ಹೊಡೆತ ತಿನ್ನದವರಿಗೆ ಹೇಳಿ ಪ್ರಯೋಜನವಿಲ್ಲ.

ಅವನ ಹೆಸರು ಗುರುಪುತ್ರಪ್ಪ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತನಾದವನು. ಕಾದ ಕಬ್ಬಿಣದ ಜೊತೆ ದುಡಿದ ಕೈ, ಮನೆಗೆ ಬಂದರೂ ಕಬ್ಬಿಣವೇ. ಗಂಡನನ್ನು ‘ಅವನು’ ಎನ್ನಬಾರದು ಅಂತೀರಾ? ಎದುರಿಗೆ ‘ರೀ’ ಅಂತಲೇ ಕರೆದಿದ್ದೇನೆ. ಇಲ್ಲಿ ಅಷ್ಟು ಮರ್ಯಾದೆ ನನ್ನಿಂದಾಗದು. ಸಾರಿಗೆ ಉಪ್ಪು ಕಡಿಮೆಯಾದರೆ ಒಂದು ಏಟು, ಹೆಚ್ಚಾದರೆ ಒಂದು, ಎಲ್ಲ ಸರಿಯಾಗಿದ್ದರೆ “ಇವತ್ತೇನ ಇಷ್ಟ ರುಚಿ ಮಾಡಿದಿ, ಯಾರ ಸಲುವಾಗಿ?” ಅಂತ ಇನ್ನೊಂದು. ವಿಭೂತಿ ಹಚ್ಚಿಕೊಳ್ಳುವುದನ್ನಾಗಲಿ ಲಿಂಗಪೂಜೆಯನ್ನಾಗಲಿ ಅವನು ಒಂದು ದಿನ ತಪ್ಪಿಸಿದವನಲ್ಲ. ಪೂಜೆ ಮುಗಿಸಿ ಎದ್ದು ಬಂದು ಅದೇ ಕೈಯಲ್ಲಿ ಬಾರಿಸುತ್ತಿದ್ದ.

ಆಮೇಲೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಬೆಳಗಾವಿಯಲ್ಲೇ ಆಪರೇಷನ್ ಮಾಡಿ ಗ್ರಂಥಿಯನ್ನು ತೆಗೆದರು. ಮನೆಗೆ ಕರೆದುಕೊಂಡು ಬಂದಾಗ ಅವನ ಮಗ್ಗುಲಿಗೆ ಉಚ್ಚೆಯ ಚೀಲ ನೇತಾಡುತ್ತಿತ್ತು. ಚೀಲ ತೆಗೆದ ಮೇಲೆ ಇನ್ನೂ ಫಜೀತಿ. ಕೆಮ್ಮಿದರೆ ಹನಿ, ಸೀನಿದರೆ ಹನಿ, ಮಂಚದಿಂದ ಎದ್ದರೆ ಧಾರೆ. ಚಡ್ಡಿಯೊಳಗೆ ಪ್ಯಾಡು ಇಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಡಾಕ್ಟರು ನನಗೇ ಹೇಳಿದ್ದರು. “ಹಾಸಿಗಿ ಹಿಡದ್ರ ಕೆಡ್ತಾರ್ರಿ ಅಕ್ಕಾರ. ದಿನಾ ನಡಸ್ರಿ. ಉಪ್ಪು, ಎಣ್ಣಿ ಕಡಿಮಿ ಮಾಡ್ರಿ. ತಂಬಾಕ ಅಂತೂ ಪೂರಾ ಬಂದ್. ಉಚ್ಚಿ ತಡಿಯೂ ವ್ಯಾಯಾಮ ನರ್ಸ್ ಹೇಳಿಕೊಡ್ತಾರ, ಅದನ್ನೂ ಬಿಡಬ್ಯಾಡ್ರಿ.”

ನಡೆಸಿದೆ. ಹೇಗೆ ನಡೆಸಿದೆ ಅಂತೀರಿ! ಮೊದಲ ದಿನ ಏಳಲೇ ಒಲ್ಲೆ ಅಂದ.

“ಮಂದಿ ಮುಂದ ಧೋತರ ಒದ್ದಿ ಮಾಡ್ಕೊಂಡ ನಿಂದರ್ಲೇನು? ಹೋಗ ಅತ್ತಾಗ!” ಎಂದು ತಲೆದೆಸೆಯಲ್ಲಿದ್ದ ತಂಬಿಗೆ ಎತ್ತಿ ಒಗೆದ. ತಂಬಿಗೆ ನನ್ನ ತನಕ ಬರಲೇ ಇಲ್ಲ, ಮಂಚದ ಬುಡದಲ್ಲೇ ಬಿತ್ತು. ನನಗೆ ನಗು ತಡೆಯಲಿಲ್ಲ. ಅದನ್ನು ಎತ್ತಿಕೊಂಡು ಅವನ ತಲೆಯ ಪಕ್ಕದ ಗೋಡೆಗೆ ರಪ್ಪನೆ ಬಡಿದೆ. ಗಾರೆ ಉದುರಿ ಅವನ ಕಣ್ಣಿಗೆ ಬಿತ್ತು.

“ಇನ್ನೊಮ್ಮೆ ಒಗೀರಿ, ನೋಡೂಣು,” ಅಂದೆ.

ಕೌದಿ ಕಿತ್ತು ಒಗೆದು, ರಟ್ಟೆ ಹಿಡಿದು ಎಳೆದು ಕೂರಿಸಿದೆ. ನೋವಿಗೆ ಹಲ್ಲು ಕಚ್ಚಿದ. ಸುಳ್ಳು ಯಾಕೆ ಹೇಳಲಿ, ಆ ಹಲ್ಲು ಕಚ್ಚಿದ ಮುಖ ನೋಡಿ ನನಗೆ ಹಿತವಾಯಿತು. ಮರುದಿನದಿಂದ ನಸುಕಿನಲ್ಲಿ, ಓಣಿಯ ಮಂದಿ ಏಳುವ ಮುಂಚೆ ಇಬ್ಬರೂ ಹೊರಬೀಳುತ್ತಿದ್ದೆವು. ಮೊದಲು ಓಣಿಯ ತುದಿಯ ತನಕ, ಆಮೇಲೆ ದೊಡ್ಡ ರಸ್ತೆಗೆ, ದಿನ ಕಳೆದಂತೆ ಟಿಳಕವಾಡಿಯ ಮೂರನೇ ರೈಲ್ವೆ ಗೇಟಿನ ತನಕ. ಅವನ ಭಾರವೆಲ್ಲ ನನ್ನ ಹೆಗಲ ಮೇಲೆ. ಕುಳಿತಲ್ಲಿ ನಾನು “ಬಿಗಿ ಹಿಡೀರಿ... ಬಿಡ್ರಿ” ಅನ್ನುವುದು, ಅವನು ಕಣ್ಣು ಮುಚ್ಚಿ ಉಸಿರು ಕಟ್ಟುವುದು. ತಂಬಾಕಿನ ಡಬ್ಬಿಯನ್ನು ಅವನ ಕಣ್ಣೆದುರೇ ಗಟಾರಕ್ಕೆ ಸುರಿದೆ. ಹುಲಿಯಂಥವನು ಬೆಕ್ಕಿನ ಹಾಗೆ ನೋಡುತ್ತಾ ಕೂತ.

ಖಾನಾಪುರದಿಂದ ಮಗಳು ದಾನೇಶ್ವರಿ ಫೋನ್ ಮಾಡಿದಾಗೆಲ್ಲ ಬೈಯುತ್ತಿದ್ದಳು.

“ಅವ್ವಾ, ಅಷ್ಟ್ಯಾಕ ಜೀವಾ ತೇಯಾಕತ್ತಿ? ಅಂವಾ ನೆಟ್ಟಗಾದ್ರ ಮತ್ತ ನಿನಗ ಬಡಿತಾನ. ನೀನ ಕೈಯಾರ ಹಾವಿಗಿ ಹಾಲು ಹಾಕಾಕತ್ತೀದಿ.”

“ಹಂಗಂತ ಸಾಯಲಿ ಅಂತ ಬಿಡ್ಲೇನ? ಸುಮ್ಮನಿರು,” ಅನ್ನುತ್ತಿದ್ದೆ. ಅವಳು ಹೇಳಿದ್ದು ನನಗೆ ಗೊತ್ತಿರಲಿಲ್ಲವೇ?

ಆದರೆ ಒಂದು ಬೆಳಿಗ್ಗೆ ಹೀಗಾಯಿತು. ರೈಲು ಬರುವುದಿತ್ತು, ಗೇಟು ಹಾಕಿದ್ದರು. ನಾವು ಕಟ್ಟೆಯ ಮೇಲೆ ಕೂತಿದ್ದೆವು. ಅವನು ಏನೋ ಕೇಳಿದನಂತೆ, ನನಗೆ ಕೇಳಿಸಲಿಲ್ಲ. ಮತ್ತೆ ಕೇಳಿದನಂತೆ, ಅದೂ ಕೇಳಿಸಲಿಲ್ಲ. ಆಮೇಲೆ ನನ್ನ ಮುಖ ತಿರುಗಿಸಿಕೊಂಡು, “ಎಡಗಿವಿ ಕೇಳ್ಸೂದಿಲ್ಲೇನು ನಿನಗ?” ಅಂದ.

“ಇಲ್ರಿ.”

“ಯಾವಾಗಿಂದ?”

ನಾನು ಅವನನ್ನೇ ನೋಡಿದೆ. ದಾನೇಶ್ವರಿ ಹೊಟ್ಟೆಯಲ್ಲಿದ್ದಾಗ, ಬಾಗಿಲ ಚಿಲಕ ತೆಗೆಯಲು ತಡವಾಯಿತು ಎಂದು ಅವನು ಬಾರಿಸಿದ್ದ. ಆವತ್ತು ಕಿವಿಯಿಂದ ರಕ್ತ ಬಂದು ಕುಪ್ಪಸ ನೆನೆದಿತ್ತು. ಇಷ್ಟು ವರ್ಷ ಜೊತೆಗೆ ಬಾಳಿದವನಿಗೆ ಗೊತ್ತೇ ಇಲ್ಲ! ಹೇಳಿದೆ. ರೈಲು ಬಂದು ಹೋಯಿತು. ಎದ್ದ ಮೇಲೆ ಎಡಗಡೆ ಇದ್ದವನು ಸುತ್ತಿ ನನ್ನ ಬಲಗಡೆಗೆ ಬಂದು, ಆ ಹೆಗಲ ಮೇಲೆ ಕೈಯಿಟ್ಟು ನಡೆದ. ದಾರಿಯುದ್ದಕ್ಕೂ ಸಣ್ಣ ದನಿಯಲ್ಲಿ ಏನೇನೋ ಮಾತಾಡಿದ. ಮನೆಗೆ ಬಂದು “ನಿನ್ನ ಚಾ ಆತೇನು?” ಅಂತ ಕೇಳಿದ. ಅಯ್ಯೋ ಶಿವನೇ, ನಾನು ಬಚ್ಚಲಿಗೆ ಹೋಗಿ ನಳ ಬಿಟ್ಟು ಅತ್ತೆ. ಈ ಮನುಷ್ಯ ಉಳಿಯಲಿ, ಆ ಮನುಷ್ಯ ಸಾಯಲಿ ಎಂದು ಬೇಡಿಕೊಂಡೆ. ನನಗೆ ಬೇಕಾಗಿದ್ದು ಅಷ್ಟೇ.

ಬೇಡಿದ್ದನ್ನು ಯಾರು ಕೇಳುತ್ತಾರೆ? ನಡೆದು ನಡೆದು ಅವನ ಕಾಲಿಗೆ ಕಸುವು ಬಂತು, ಮುಖಕ್ಕೆ ಕಳೆ ಬಂತು. ಹೆಗಲ ಮೇಲಿನ ಕೈ ತೆಗೆದ. ಬಾಜೂ ನಡೆಯುತ್ತಿದ್ದವನು ಒಂದು ಹೆಜ್ಜೆ ಮುಂದಾದ, ಆಮೇಲೆ ತಿರುಗಿಯೂ ನೋಡದೆ ಹೋಗತೊಡಗಿದ. ಮನೆಯಲ್ಲಿ ದನಿ ಏರಿತು. ಗ್ಯಾಸಿನ ಸಿಲಿಂಡರನ್ನು ಒಬ್ಬನೇ ಎತ್ತಿಟ್ಟ ದಿನ ನಾನು ಸಂತೋಷಪಡಬೇಕಿತ್ತು. ಆ ತೋಳಿನ ನರ ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ.

ಮೂರನೇ ಗೇಟಿನ ಹತ್ತಿರ ಹಾಲು ಮಾರುವ ಗಜಾನನನ ಮೋಟರ್ ಸೈಕಲ್ಲಿನ ಕ್ಯಾನು ಇವನ ಮೊಣಕೈಗೆ ತಾಗಿತು. ತಾಗಿತು ಅಷ್ಟೇ, ತರಚಲೂ ಇಲ್ಲ. ಇವನು ಅವನ ಅಂಗಿಯ ಕಾಲರ್ ಹಿಡಿದು ಗಾಡಿಯ ಮೇಲಿಂದ ಎಳೆದು ಕೆಡವಿದ. ಕ್ಯಾನು ಉರುಳಿ ಹಾಲೆಲ್ಲ ರಸ್ತೆಪಾಲು. ಗಜಾನನ “ಚುಕ್ಲೋ ಕಾಕಾ, ಚುಕ್ಲೋ” ಎಂದು ತಪ್ಪಾಯಿತೆಂದು ಕೈ ಮುಗಿಯುತ್ತಿದ್ದಾನೆ, ಇವನು ಮುಷ್ಟಿ ಕಟ್ಟಿ ಬಾಯಿಯ ಮೇಲೆ ಗುದ್ದುತ್ತಿದ್ದಾನೆ. ತುಟಿ ಸೀಳಿತು. ಹಲ್ಲೊಂದು ಹಾಲಿನಲ್ಲಿ ಬಿತ್ತು, ಹಾಲು ಕೆಂಪಾಯಿತು. ಇವನು ಕೆಳಗೆ ಬಿದ್ದವನ ಪಕ್ಕೆಗೆ ಒದ್ದ. ನಾನು ಹಿಂದಿನಿಂದ ಅಂಗಿ ಜಗ್ಗಿದರೆ ಮೊಣಕೈಯಿಂದ ತಳ್ಳಿದ. ವಾಕಿಂಗಿಗೆ ಬಂದಿದ್ದ ಮಂದಿ ಸೇರಿ ಇವನನ್ನು ಹಿಂದಕ್ಕೆ ಎಳೆದರು.

ಮನೆಯ ಕಡೆ ಹೋಗುವಾಗ ಅವನ ಮುಖದಲ್ಲಿ ಮದುಮಗನ ಖುಷಿ. “ನೋಡಿದೇನು? ಇಷ್ಟ ಗುದ್ದಾಡಿದ್ರೂ ಒಂದ ಹನಿ ಹೋಗಲಿಲ್ಲ! ಪ್ಯಾಡು ಒಣಾನ ಐತಿ!” ಎಂದು ತೊಡೆ ತಟ್ಟಿಕೊಂಡ. ಮುಷ್ಟಿಯ ಮೇಲೆ ಗಜಾನನನ ರಕ್ತ ಇನ್ನೂ ಹಸಿಯಾಗಿತ್ತು.

ಮುಂದಿನ ವಾರ ತಪಾಸಣೆ. ಡಾಕ್ಟರು ರಿಪೋರ್ಟ್ ನೋಡಿ ನಕ್ಕರು. “ಭಾಳ ಛಲೋ ಐತ್ರಿ. ನಡಿಗಿ ಮಾತ್ರ ಬಿಡಬ್ಯಾಡ್ರಿ. ಇನ್ನ ನೀವು ಮೊದಲಿನಂಗ ಆದ್ರಿ ಅಂತ ತಿಳೀರಿ!”

ಗುರುಪುತ್ರಪ್ಪ ಎದೆಯುಬ್ಬಿಸಿ ನನ್ನ ಕಡೆ ನೋಡಿದ. “ಕೇಳಿದಿಲ್ಲೋ? ಮೊದಲಿನಂಗ.”

ಕೇಳಿದೆ. ಬಲಗಿವಿಯಿಂದ ಚೆನ್ನಾಗಿಯೇ ಕೇಳಿದೆ.

ಸಿಹಿಸುದ್ದಿ ಹೇಳಲು ಅಲ್ಲಿಂದಲೇ ಬಸ್ಸು ಹತ್ತಿ ಖಾನಾಪುರಕ್ಕೆ ಮಗಳ ಮನೆಗೆ ಹೋದೆವು. ಅಳಿಯ ಶಶಿಧರ ಹಲಸಿಯಲ್ಲಿ ಮಾಸ್ತರ, ಸಾಲೆಗೆ ಹೋಗಿದ್ದ. ದಾನೇಶ್ವರಿ ಬದನೆಕಾಯಿ ಹೆಚ್ಚುತ್ತಾ ಕೂತಳು, ನಾನು ರೊಟ್ಟಿಗೆ ನಿಂತೆ. ಇವನು ಬಸ್‌ಸ್ಟ್ಯಾಂಡಿನ ಕಡೆ ಅಡ್ಡಾಡಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅಂಗೈಯಲ್ಲಿ ತಂಬಾಕು, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಸುಣ್ಣ.

“ಏನ್ರಿ ಅದು?”

“ಆರಾಮ ಆಗೇನಲ್ಲ ಈಗ. ಒಂದ ಚಿಟಿಗಿ.”

ನಾನು ಹತ್ತಿರ ಹೋಗಿ ಅವನ ಅಂಗೈಗೆ ಕೆಳಗಿನಿಂದ ಹೊಡೆದೆ. ತಂಬಾಕು ಚದುರಿ ನೆಲಕ್ಕೆ ಬಿತ್ತು. ಜೇಬಿಗೆ ಕೈ ಹಾಕಿ ತಂಬಾಕಿನ ಚೀಟನ್ನು ಕಿತ್ತುಕೊಂಡು ಕಸದ ಬುಟ್ಟಿಗೆ ಒಗೆದೆ. “ನಾ ಇಷ್ಟ ದಿನ ಉಚ್ಚಿ ಬಳದದ್ದು ಇದರ ಸಲುವಾಗಿ ಏನು?” ಅಂದೆ.

ಹೊಡೆತ ಬರುವುದು ಕಾಣಲಿಲ್ಲ. ಅಭ್ಯಾಸ ತಪ್ಪಿತ್ತಲ್ಲ. ದವಡೆಯ ಮೇಲೆ ಬಿತ್ತು. ಬಾಯಲ್ಲಿ ಉಪ್ಪುಪ್ಪು ರಕ್ತ ತುಂಬಿತು. ಕಟ್ಟೆಗೆ ಸೊಂಟ ಬಡಿದು ಹಿಟ್ಟಿನ ಪರಾತ ಕೆಳಗೆ ಬಿತ್ತು. ದಾನೇಶ್ವರಿ “ಅಪ್ಪಾ!” ಎಂದು ಚೀರಿ ನಡುವೆ ಬಂದಳು. ಅವಳ ತುರುಬು ಹಿಡಿದು ಗೋಡೆಗೆ ತಳ್ಳಿದ. ಮತ್ತೆ ನನ್ನ ಕಡೆ ಕೈ ಎತ್ತಿದ.

ನನ್ನ ಹಿಂದೆ ಗ್ಯಾಸಿನ ಮೇಲೆ ರೊಟ್ಟಿಯ ಕಬ್ಬಿಣದ ಹಂಚು ಕಾದಿತ್ತು. ಅರಿವೆಯ ಸಮೇತ ಅದರ ಹಿಡಿಕೆ ಹಿಡಿದದ್ದು ನೆನಪಿದೆ, ಬೀಸಿದ್ದು ನೆನಪಿದೆ. ಎತ್ತಿದ ಕೈಯ ಮಣಿಕಟ್ಟಿಗೆ ಬಿತ್ತು. ಎಲುಬು ಲಟ್ಟೆಂದಿತು, ಚರ್ಮ ಚುರ್ರೆಂದಿತು. ಅವನು ಕೂಗಿ ಮೊಣಕಾಲೂರಿದ. ಅಲ್ಲಿಗೆ ಸಾಕಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ಮತ್ತೆ ಬೀಸಿದೆ. ಹೆಗಲಿಗೆ, ಬೆನ್ನಿಗೆ, ಬಗ್ಗಿಸಿದ ಕುತ್ತಿಗೆಯ ಬುಡಕ್ಕೆ. ಉಪ್ಪು ಕಡಿಮೆಯಾದದ್ದಕ್ಕೆ ಒಂದು, ಹೆಚ್ಚಾದದ್ದಕ್ಕೆ ಒಂದು, ಚಿಲಕ ತೆಗೆಯಲು ತಡವಾದದ್ದಕ್ಕೆ ಒಂದು. ಬಾಯಿ ಬಿಟ್ಟು ಕೂಗಿ ಹೇಳುತ್ತಾ ಹೊಡೆದೆನಂತೆ, ಆಮೇಲೆ ದಾನೇಶ್ವರಿ ಹೇಳಿದಳು. ಅವನ ಧೋತರ ನೆನೆದು ನೆಲದ ಮೇಲೆ ಉಚ್ಚೆ ಹರಿದು ಚೆಲ್ಲಿದ ಹಿಟ್ಟಿಗೆ ಸೇರಿತು. ಮಗಳು ನನ್ನ ನಡು ಹಿಡಿದು “ಸತ್ತ ಹೋಗ್ತಾನವ್ವಾ, ಸಾಕು, ಸಾಕು” ಎಂದು ಅಳುತ್ತಾ ಹಿಂದಕ್ಕೆ ಎಳೆದಳು. ಹಂಚು ಕೈಯಿಂದ ಬಿದ್ದಾಗ ಒಲೆ ಇನ್ನೂ ಉರಿಯುತ್ತಿತ್ತು.

ಖಾನಾಪುರದ ದವಾಖಾನೆಯಲ್ಲಿ ಡಾಕ್ಟರು ಏನಾಯಿತು ಅಂದರು. ನಾನು ಬಾಯಿ ತೆರೆಯುವ ಮುಂಚೆ ಅವನೇ ಹೇಳಿದ.

“ಒಲಿ ಮುಂದ ಕಾಲ ಜಾರಿ ಬಿದ್ನಿರಿ. ಹಂಚು ಮೈಮ್ಯಾಲ ಬಿತ್ತು.”

ಕಾಲು ಜಾರಿ ಬಿದ್ದೆ ಅನ್ನುವುದನ್ನು ನಾನು ಎಷ್ಟೋ ಡಾಕ್ಟರುಗಳಿಗೆ ಹೇಳಿದ್ದೇನೆ. ಇನ್ನೊಬ್ಬರ ಬಾಯಲ್ಲಿ ಅದು ಹೇಗೆ ಕೇಳಿಸುತ್ತದೆ ಅಂತ ಆವತ್ತು ಗೊತ್ತಾಯಿತು. ಡಾಕ್ಟರು ನನ್ನ ಊದಿದ ದವಡೆ ನೋಡಿದರು, ಅವನ ಬೆನ್ನು ನೋಡಿದರು. ಸುಟ್ಟ ಜಾಗ ತೊಳೆದು ಔಷಧ ಹಚ್ಚಿ, ಮುರಿದ ಕೈಗೆ ಪಟ್ಟಿ ಕಟ್ಟಿ ಕೊರಳಿಗೆ ಜೋಲಿ ಹಾಕಿದರು. ಹಳೆಯ ಆಪರೇಷನ್ನಿನ ವಿಷಯ ಕೇಳಿ, “ಹಂಗಾರ ನಡಿಗಿ ಬಂದ್ ಮಾಡಬ್ಯಾಡ್ರಿ. ಪೆಟ್ಟಾಗಿದ್ದು ಕೈಗೆ, ಕಾಲಿಗಲ್ಲ,” ಅಂದರು.

ಶಶಿಧರ ಸಂಜೆ ಬಂದು ಎಲ್ಲ ಕೇಳಿ ನಮ್ಮಿಬ್ಬರಿಗೂ ಬೇರೆ ಬೇರೆ ಹಾಸಿಗೆ ಹಾಸಿಕೊಟ್ಟ. ನಾವು ಅಲ್ಲೇ ಉಳಿದೆವು. ಗುರುಪುತ್ರಪ್ಪ ಬಡಿಸಿದ್ದನ್ನು ತಿಂದ, ಉಪ್ಪಿನ ಮಾತೇ ಎತ್ತಲಿಲ್ಲ. ನೀರು ಕೇಳದೇ ತಾನೇ ಎದ್ದು ತುಂಬಿಕೊಂಡು ಕುಡಿದ. ಮೂಲೆಯಲ್ಲಿ ಕೂತು ತನ್ನಷ್ಟಕ್ಕೆ ಬಿಗಿ ಹಿಡಿದು ಬಿಡುವುದನ್ನು ಮಾಡಿದ. ನಾನು ಒಳಗೆ ಬಂದರೆ ಅವನ ಮಾತು ನಿಲ್ಲುತ್ತಿತ್ತು.

ಕೆಲವು ದಿನ ಕಳೆದ ಮೇಲೆ ಒಂದು ನಸುಕಿನಲ್ಲಿ ನಾನು ಎದ್ದು ಬಂದರೆ ಅವನು ಆಗಲೇ ಚಪ್ಪಲಿ ಮೆಟ್ಟಿಕೊಂಡು ಪಡಸಾಲೆಯ ತುದಿಯಲ್ಲಿ ಕೂತಿದ್ದ.

“ಹೋಗೂಣ್ರೇನು?” ಅಂದ.

ನನಗೆ ಅವನು ‘ರೀ’ ಹಚ್ಚಿ ಮಾತಾಡಿದ್ದು ಅದೇ ಮೊದಲು. ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಮಲಪ್ರಭೆಯ ಸೇತುವೆಯ ಕಡೆ ನಡೆದೆವು. ಅವನು ಮುಂದೆ ಬರಲಿಲ್ಲ, ಬಾಜೂ ಬರಲಿಲ್ಲ, ನಾಲ್ಕು ಮಾರು ಹಿಂದೆಯೇ ಚಪ್ಪಲಿ ಎಳೆಯುತ್ತಾ ಬಂದ. ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ತಲೆಯ ಮೇಲಿನ ಸೆರಗು ಹಾರಿತು. ಹಿಡಿಯಲು ಬಲಗೈ ಎತ್ತಿದೆ. ಹಿಂದೆ ಚಪ್ಪಲಿಯ ಸದ್ದು ನಿಂತಿತು.

ತಿರುಗಿ ನೋಡಿದೆ. ಅವನು ಕಣ್ಣು ಮುಚ್ಚಿ, ಪಟ್ಟಿ ಕಟ್ಟಿದ ಕೈಯನ್ನು ಮುಖಕ್ಕೆ ಅಡ್ಡ ಹಿಡಿದು, ಕಟಾಂಜನಕ್ಕೆ ಆತು ನಿಂತಿದ್ದ. ಧೋತರದ ಮುಂದೆ ಒದ್ದೆ ಹರಡುತ್ತಿತ್ತು.

“ಸೆರಗ್ರೀ, ಸೆರಗು,” ಅಂದೆ. “ನಡೀರಿ.”

ಅವನು ಮೆಲ್ಲಗೆ ಕೈ ಇಳಿಸಿದ. ನನ್ನ ಹೊಟ್ಟೆ ತಣ್ಣಗಾಯಿತು. ಇಷ್ಟು ವರ್ಷದಲ್ಲಿ ಹಾಗೆ ತಣ್ಣಗಾದದ್ದೇ ಇಲ್ಲ. ಮತ್ತೆ ಮುಂದೆ ನಡೆದೆ, ಅವನ ಚಪ್ಪಲಿಯ ಸದ್ದು ಹಿಂದೆ ಶುರುವಾಯಿತು. ಸೇತುವೆ ಮುಗಿಯುವ ಮುಂಚೆ ನಾನು ಇನ್ನೊಮ್ಮೆ ಕೈ ಎತ್ತಿ ಸೆರಗು ಸರಿಮಾಡಿಕೊಂಡೆ. ಸೆರಗು ಸರಿಯಾಗಿಯೇ ಇತ್ತು.